ಕಡಿಮೆ ಅಂಕಕ್ಕೇ ಪಾಸು

ಮಂಗಳೂರು
12 ಫೆಬ್ರುವರಿ 2024

ಅಮ್ಮಾ, ಸಲಾಂ.

ಫೋನ್ ಮಾಡದೆ ಕಾಗದ ಬರೆದಳೆಂದು ಮುಖ ಗಂಟು ಹಾಕಬೇಡ. ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ಬೀಳುತ್ತೇವೆ. ನೀನು "ಬಾಲವಾಡಿ ಬಿಟ್ಟು ಓಡಿ ಹ್ವಾದಾಕಿ" ಎನ್ನುತ್ತೀ, ನಾನು ಫೋನ್ ಇಡುತ್ತೇನೆ. ಕಾಗದವಾದರೆ ನೀನು ಕೊನೆಯ ಸಾಲಿನವರೆಗೂ ಓದಲೇಬೇಕು.

ಇದರ ಜೊತೆ ಬಂದ ಪಾರ್ಸಲ್ಲಿನಲ್ಲಿ ಎರಡು ಪ್ಲಾಸ್ಟಿಕ್ ಡಬ್ಬಿಗಳಿವೆ. ಒಳಗೆ ಉಗುರಿನಷ್ಟು ಫಿಲ್ಮಿನ ತುಂಡು, ಬಾಯಿಗೆ ತೆಳುವಾದ ಸೋಸುಕಾಗದ. ನಮ್ಮ ಪ್ರಯೋಗಾಲಯದಲ್ಲಿ ಈಗ ಮನೆ, ಶಾಲೆ, ಕೆಲಸದ ಜಾಗಗಳಲ್ಲಿ ರೇಡಾನ್ ಎಷ್ಟಿದೆ ಎಂದು ಅಳೆಯುತ್ತಿದ್ದೇವೆ. ರೇಡಾನ್ ಎಂದರೆ ನೆಲದೊಳಗಿನ ಕಲ್ಲುಮಣ್ಣಿನಿಂದ ಮೇಲೇಳುವ ಒಂದು ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ. ಬಯಲಿನಲ್ಲಿ ಗಾಳಿಗೆ ಸೇರಿ ಚದುರಿ ಹೋಗುತ್ತದೆ. ಮುಚ್ಚಿದ ಕೋಣೆಯಲ್ಲಿ ಮಾತ್ರ ನೆಲದ ಬಿರುಕಿನಿಂದ ನುಸುಳಿ ಬಂದು ಅಲ್ಲೇ ಕೂಡಿಕೊಳ್ಳುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದವರ ಶ್ವಾಸಕೋಶಕ್ಕೆ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು.

ಗೋವಾದಿಂದ ಕೆಲವು ಕೋಣೆಗಳು ಬೇಕೆಂದು ನಮ್ಮ ಮೇಡಂ ಕೇಳಿದರು. ನಾನು ಮೊದಲು ಬರೆಸಿದ್ದು ಝುವಾರಿನಗರದ ನಿನ್ನ ಬಾಲವಾಡಿಯನ್ನು. ಗುಡ್ಡ ಕಡಿದು ಕಟ್ಟಿದ ಕೋಣೆ, ಹಿಂದಿನ ಗೋಡೆಯೇ ಚಿರೇಕಲ್ಲಿನ ಗುಡ್ಡ. ಇರುವುದೊಂದು ಕಿಟಕಿ, ಅದನ್ನೂ ಲಾರಿಗಳ ಧೂಳಿಗೆ ಹೆದರಿ ಮುಚ್ಚಿಡುತ್ತೀ. ಅಳೆಯಲೇಬೇಕಾದ ಕೋಣೆ ಅದು.

ಒಂದು ಡಬ್ಬಿಯನ್ನು ಒಳಗೆ, ನೀನು ದಿನವೂ ಕೂರುವ ಹಿಂದಿನ ಮೂಲೆಯಲ್ಲಿ ತೂಗುಹಾಕು. ಇನ್ನೊಂದನ್ನು ಹೊರಗೆ, ಪಡಸಾಲೆಯ ಸೂರಿನಡಿ. ಮೂರು ತಿಂಗಳು ಅವುಗಳನ್ನು ಮುಟ್ಟಬೇಡ. ದಿನವೂ ಹೇಗಿರುತ್ತೀರೋ ಹಾಗೆಯೇ ಇರಿ.

ಅಬ್ಬಾಗೆ ಹೇಳು, ಅವರು ಕಟ್ಟಿದ ಗೋಡೆಯ ಮೇಲೆ ನನಗೆ ಸಂಶಯವಿಲ್ಲ, ಅದರ ಹಿಂದಿನ ಗುಡ್ಡದ ಮೇಲೆ ಮಾತ್ರ.

ನಿನ್ನ
ಅಫ್ರೀನ


ಝುವಾರಿನಗರ
4 ಮಾರ್ಚ್ 2024

ಮಗಳು ಅಫ್ರೀನಳಿಗೆ ಅಮ್ಮನ ಸಾವಿರ ದುವಾ.

ಕೊನೆಯ ಸಾಲಿನವರೆಗೆ ಓದಿದೆ. ಎರಡು ಸಲ ಓದಿದೆ. ನಿನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದ್ದರೂ, ಏಳನೇ ಇಯತ್ತೆಯವರೆಗೆ ಕನ್ನಡ ಸಾಲಿ ಕಲಿತವಳಿಗೆ ಅದೇನು ಕಷ್ಟವಲ್ಲ.

ಬಾಲವಾಡಿಯನ್ನು ನಿನ್ನ ಕೈಗೆ ಒಪ್ಪಿಸಿ ಮನೆಯಲ್ಲಿ ಕಾಲು ಚಾಚಿ ಕೂರಬೇಕೆಂದಿದ್ದೆ. ನೀನು ನೋಡಿದರೆ ಕಣ್ಣಿಗೆ ಕಾಣದ, ಮೂಗಿಗೆ ಹತ್ತದ ಗಾಳಿಯ ಬೆನ್ನು ಹತ್ತಿ ಹೋದೆ. ಇರಲಿ. ಆ ಗಾಳಿಯೇ ನಿನ್ನನ್ನು ತಿರುಗಿಸಿ ಬಾಲವಾಡಿಯ ಬಾಗಿಲಿಗೆ ತಂದಿತಲ್ಲ, ನನಗೆ ನಗು ಬಂತು.

ಡಬ್ಬಿ ತೆಗೆಯುವಾಗ ಹುಲಿಗೆವ್ವ ಪಕ್ಕದಲ್ಲಿದ್ದಳು. ಮಕ್ಕಳಿಗೆ ಉಪ್ಪಿಟ್ಟು ಮಾಡಿಕೊಡಲು ಬಂದವಳು ನನಗೆ ಬುದ್ಧಿ ಹೇಳುವುದನ್ನೇ ಕೆಲಸ ಮಾಡಿಕೊಂಡಿದ್ದಾಳೆ. "ಅಕ್ಕಾರ, ಇದು ತಾಯತ ಇದ್ದಂಗ ಐತ್ರಿ. ಯಾವ ಪೀರಂದು?" ಎಂದಳು. "ಮಂಗಳೂರ ಪೀರಂದು. ಕೋಣಿಗೆ ಪರೀಕ್ಷಾ ಇಡತೈತಿ" ಎಂದೆ.

ಆ ಮಾತು ಸೋಮನಾಥರ ಕಿವಿಗೂ ಬಿತ್ತು. ಜಾಗ ಅವರದು, ಅದರ ಮೇಲೆ ಕೋಣೆ ಕಟ್ಟಿದವರು ನಿನ್ನ ಅಬ್ಬಾ, ಬಾಡಿಗೆ ಕೊಡುವವಳು ನಾನು. ಈ ಕೋಣೆಯನ್ನು ಸಿಮೆಂಟ್ ಗೋದಾಮು ಮಾಡಬೇಕೆಂದು ಅವರು ಎಷ್ಟು ವರ್ಷದಿಂದ ಕಾದಿದ್ದಾರೆಂದು ನಿನಗೆ ಗೊತ್ತು. ಬಾಗಿಲಲ್ಲಿ ನಿಂತು ಡಬ್ಬಿ ನೋಡಿದರು. "ಫೇಲ್ ಜಾಲ್ಯಾರ್ ರೂಮ್ ಖಾಲಿ, ಭಾಭಿ. ಫೇಲಾದರೆ ಬಿಡಲೇಬೇಕು. ಮಕ್ಕಳ ಜೀವದ ಪ್ರಶ್ನೆ ಅಲ್ಲವಾ?" ಎಂದರು. ಮಕ್ಕಳ ಮೇಲೆ ಅವರಿಗೆ ಅಷ್ಟು ಮಮತೆ ಇದೆಯೆಂದು ಅಂದೇ ಗೊತ್ತಾದದ್ದು.

ಈ ಕೋಣೆ ಹೋದರೆ ಬಾಲವಾಡಿ ಹೋದಂತೆ. ಬೆಳಿಗ್ಗೆ ಕೆಲಸಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ಎಲ್ಲಿ ಬಿಡಬೇಕು, ಕಟ್ಟಡದ ಕೆಲಸದಲ್ಲಿ ಮರಳಿನ ಗುಡ್ಡೆಯ ಮೇಲೆಯೇ? ಹಾಗಾಗಿ ನಿನ್ನ ಡಬ್ಬಿಯನ್ನು ನಾನು ಚೆನ್ನಾಗಿಯೇ ನೋಡಿಕೊಳ್ಳುತ್ತೇನೆ. ಎಷ್ಟು ಚೆನ್ನಾಗಿ ಎಂದು ಕೇಳಬೇಡ.

ನಿನ್ನ ಅಮ್ಮ
ಲಾಲಬಿ


ಮಂಗಳೂರು
24 ಜೂನ್ 2024

ಅಮ್ಮಾ,

ಎಷ್ಟು ಚೆನ್ನಾಗಿ ನೋಡಿಕೊಂಡೆ ಎಂದು ಈಗ ಕೇಳಲೇಬೇಕಾಗಿದೆ.

ಫಿಲ್ಮನ್ನು ದ್ರಾವಣದಲ್ಲಿ ತೊಳೆದಾಗ ರೇಡಾನ್ ಮಾಡಿದ ಸಣ್ಣ ಗುರುತುಗಳು ಮೂಡುತ್ತವೆ. ಅವನ್ನು ಎಣಿಸಿ ನಾವು ಅಂಕ ಕೊಡುತ್ತೇವೆ. ನಮ್ಮದು ಕಡಿಮೆ ಅಂಕ ಬಂದವರೇ ಪಾಸಾಗುವ ಪರೀಕ್ಷೆ. ನೂರರ ಕೆಳಗೆ ಬಂದರೆ ಒಳ್ಳೆಯದು. ಮುನ್ನೂರು ದಾಟಿದರೆ ಕೈಕಟ್ಟಿ ಕೂರುವಂತಿಲ್ಲ. ನಿನ್ನ ಪಡಸಾಲೆಯ ಡಬ್ಬಿಗೆ ಇಪ್ಪತ್ತು ಬಂದಿದೆ. ಒಳಗಿನ ಡಬ್ಬಿಗೆ ಇಪ್ಪತ್ತೆರಡು.

ಮೇಡಂ ಸಂತೋಷಪಟ್ಟು ವರದಿಗೆ ಸಹಿ ಹಾಕಲು ಹೊರಟಿದ್ದರು. ನಾನೇ ತಡೆದೆ. ಮುಚ್ಚಿದ ಕೋಣೆಯ ಮೂಲೆಯೂ ಬಯಲಿನ ಗಾಳಿಯೂ ಒಂದೇ ಆಗಲು ಹೇಗೆ ಸಾಧ್ಯ? ಆಮೇಲೆ ಡಬ್ಬಿಯನ್ನು ತಿರುಗಿಸಿ ನೋಡಿದೆ. ಲೋಬಾನದ ಹೊಗೆಯ ವಾಸನೆ. ಹುರಿಗೆ ಸುತ್ತಿದ ಒಣಗಿದ ಮಲ್ಲಿಗೆ ದಂಡೆ. ಸೋಸುಕಾಗದದ ತುಂಬ ಲಾರಿಗಳ ಕೆಂಪು ಧೂಳು. ಆ ಧೂಳು ನಿನ್ನ ಹಿಂದಿನ ಮೂಲೆಗೆ ಬರುವುದಿಲ್ಲ ಅಮ್ಮಾ. ನಾನು ಅದೇ ಮೂಲೆಯಲ್ಲಿ ಕೂತು ಮಕ್ಕಳಿಗೆ ಅಆಇಈ ತಿದ್ದಿಸಿದವಳು.

ಡಬ್ಬಿ ಎಲ್ಲಿತ್ತು?

ಅಫ್ರೀನ


ಝುವಾರಿನಗರ
10 ಜುಲೈ 2024

ಅಫ್ರೀನ,

ಕಿಟಕಿಯಲ್ಲಿತ್ತು. ಸಮಾಧಾನವಾಯಿತೇ?

ನಿನ್ನ ಊರಿನಿಂದ, ನಿನ್ನ ಕೈಯಿಂದ, ನಮ್ಮ ಕೋಣೆ ನೋಡಲು ಬಂದ ಡಬ್ಬಿ ಅದು. ಮನೆಗೆ ಬಂದವರನ್ನು ನಾವು ಎಂದಾದರೂ ಕತ್ತಲ ಮೂಲೆಯಲ್ಲಿ ಕೂರಿಸಿದ್ದೇವೆಯೇ? ಗಾಳಿ ಬರುವ ಕಡೆ ಕೂರಿಸಿ, ಬೀಸಣಿಗೆ ಕೊಟ್ಟು, ಆಮೇಲೆ ನೀರು ಬೇಕೇ ಎಂದು ಕೇಳುತ್ತೇವೆ. ಹಾಗೆಯೇ ಮಾಡಿದೆ. ಸಾಹೇಬರು ತಪಾಸಣೆಗೆ ಬರುವ ದಿನ ಬಾಲವಾಡಿ ಹೇಗಿರುತ್ತದೋ ಹಾಗೆ ಮೂರು ತಿಂಗಳು ಇಟ್ಟೆ. ಬಾಗಿಲು ತೆರೆದೇ ಇತ್ತು, ಕಿಟಕಿ ತೆರೆದೇ ಇತ್ತು, ಮನೆಯ ಟೇಬಲ್ ಫ್ಯಾನು ತಂದು ಹಚ್ಚಿದ್ದೆ. ಗುರುವಾರ ಗುರುವಾರ ಲೋಬಾನ ಹಾಕಿದೆ. ಮಲ್ಲಿಗೆ ದಂಡೆ ಹುಲಿಗೆವ್ವನದು, ಅದು ನನ್ನ ಮೇಲೆ ಬೇಡ. ಧೂಳಿಗೆ ಮಕ್ಕಳೆಲ್ಲ ಸೀನಿದರು, ಆದರೂ ಸಹಿಸಿಕೊಂಡೆವು.

ಇಪ್ಪತ್ತೆರಡು ಎಂದು ನೀನು ಬರೆದದ್ದನ್ನು ನಾನು ಓದಿ, ಮುಂದಿನ ಸಾಲಿಗೆ ಹೋಗುವ ಮೊದಲೇ ಹುಲಿಗೆವ್ವ ಓಣಿಗೆಲ್ಲ ಸಕ್ಕರೆ ಹಂಚಿ ಬಂದಳು. ಹಂಚಿದ ಸಕ್ಕರೆಯನ್ನು ಈಗ ಮರಳಿ ಕೇಳಲೇ? ತಾಯಿಯ ಕೋಣೆ ಪಾಸಾಯಿತೆಂದು ಸುಮ್ಮನಿರಲು ನಿನಗೆ ಏನಾಗಿತ್ತು? ಬೇರೆಯವರ ಮಗಳಾಗಿದ್ದರೆ ಸಹಿ ಹಾಕಿಸಿ ಕಳಿಸುತ್ತಿದ್ದಳು.

ಕಳಿಸು ಇನ್ನೊಂದು ಡಬ್ಬಿ. ನಿನ್ನ ಮೂಲೆಯಲ್ಲೇ ತೂಗುಹಾಕುತ್ತೇನೆ. ಹೂವಿಲ್ಲ, ಲೋಬಾನವಿಲ್ಲ, ಒಂದು ಒಳ್ಳೆಯ ಮಾತೂ ಇಲ್ಲ. ಮಳೆಗಾಲ ಹಿಡಿದಿದೆ, ಎರಚಲು ಹೊಡೆಯುತ್ತದೆಂದು ಕಿಟಕಿ ಬಾಗಿಲು ಎಲ್ಲ ಮುಚ್ಚಿಯೇ ಇದೆ. ನಿನಗೆ ಬೇಕಾದದ್ದು ಅದೇ ತಾನೆ?

ಲಾಲಬಿ


ಮಂಗಳೂರು
18 ನವೆಂಬರ್ 2024

ಅಮ್ಮಾ,

ಇದನ್ನು ಬರೆಯಲು ನಾಲ್ಕು ಸಲ ಕೂತೆ. ಎಣಿಕೆಯನ್ನು ನಾನೊಮ್ಮೆ, ಮೇಡಂ ಒಮ್ಮೆ ಮಾಡಿದೆವು. ತಪ್ಪಿಲ್ಲ.

ಆರುನೂರ ನಲವತ್ತು.

ಭಯಪಡಬೇಡ ಎಂದು ಬರೆದರೆ ನೀನು ನಂಬುವುದಿಲ್ಲ. ಆದರೆ ಇದಕ್ಕೆ ದಾರಿ ಇದೆ. ನೀನು ಒಂದು ಸಾಲು ಬರೆ, ಆ ದಾರಿ ಯಾವುದೆಂದು ಬಿಡಿಸಿ ಬರೆಯುತ್ತೇನೆ. ಅಲ್ಲಿಯವರೆಗೆ ಬಾಗಿಲು ಕಿಟಕಿ ತೆರೆದಿಡು, ಮಕ್ಕಳನ್ನು ಪಡಸಾಲೆಯಲ್ಲಿ ಕೂರಿಸು, ನೀನೂ ಅಲ್ಲೇ ಕೂರು.

ಅಫ್ರೀನ


ಝುವಾರಿನಗರ
9 ಡಿಸೆಂಬರ್ 2024

ಅಫ್ರೀನ ಬೇಟಿಗೆ ಅಬ್ಬಾನ ದುವಾ.

ನಿನ್ನ ಅಮ್ಮ ಬರೆಯುವುದಿಲ್ಲ. ನನಗೆ ಸರಿಯಾಗಿ ಬರೆಯಲು ಬರುವುದಿಲ್ಲ ಎಂಬುದು ನಿನಗೆ ಗೊತ್ತು. ಗಾರೆಯ ಕರಣಿ ಹಿಡಿದ ಕೈಗೆ ಪೆನ್ನು ಜಾರುತ್ತದೆ. ತಪ್ಪಿದ್ದರೆ ತಿದ್ದಿಕೊಂಡು ಓದು.

ಮಕ್ಕಳು ಪಡಸಾಲೆಯಲ್ಲಿ ಕೂರುತ್ತಾರೆ. ಸೋಮನಾಥ ದಿನ ಬಿಟ್ಟು ದಿನ ಬಂದು, ಕೋಣೆ ಉಪಯೋಗಿಸದಿದ್ದರೆ ಕೀಲಿ ಕೊಡಿ ಎನ್ನುತ್ತಾನೆ. ಅದಕ್ಕೆ ನಾನು ಹೆದರುವುದಿಲ್ಲ. ನನಗೆ ಹೆದರಿಕೆ ನಿನ್ನ ಅಮ್ಮನದು. ಮಕ್ಕಳು ಮನೆಗೆ ಹೋದ ಮೇಲೆ ಹೊಸ್ತಿಲ ಮೇಲೆ ಕೂತು, ಈ ಕೋಣೆಯಲ್ಲಿ ಕಲಿತು ಹೋದ ಹುಡುಗರ ಹೆಸರು ಒಂದೊಂದಾಗಿ ಹೇಳುತ್ತಾಳೆ. ಗಣಪ್ಪ, ಸಿಮ್ರನ, ಜಯಶ್ರೀ, ಯಮನೂರ. ಹೇಳಿ ನನ್ನ ಮುಖ ನೋಡುತ್ತಾಳೆ. ನಿನ್ನೆ ಕೇಳಿಬಿಟ್ಟಳು: "ಏನ್ರೀ, ಆ ಕೂಸುಗಳ ಎದಿಗೆ ನಾನ ಕುತ್ತು ತಂದ್ನ್ಯಾ?"

ಆ ಕೋಣೆಯ ನೆಲಕ್ಕೆ ಗಚ್ಚು ಹಾಕಿದವನು ನಾನು. ನೆಲ ಒರೆಸುವಾಗ ಬಿರುಕು ಕಂಡರೂ, ಗಚ್ಚು ಎಂದರೆ ಬಿರುಕು ಬಿಡುವುದೇ ಎಂದು ಸುಮ್ಮನಿದ್ದೆ. ಅದರೊಳಗಿಂದ ಏನಾದರೂ ಬರುತ್ತದೆ ಎಂದು ಯಾವ ಗೌಂಡಿಗೆ ತಾನೆ ತಿಳಿದೀತು?

ಅವಳ ಪ್ರಶ್ನೆಗೆ ನೀನೇ ಉತ್ತರ ಬರೆ. ಇದ್ದದ್ದು ಇದ್ದ ಹಾಗೆ ಬರೆ. ನಿನ್ನ ಅಮ್ಮ ಸುಳ್ಳನ್ನು ಬೇಗ ಹಿಡಿಯುತ್ತಾಳೆ.

ಅಬ್ಬಾ
ಮೈಬೂಬಸಾಬ


ಮಂಗಳೂರು
17 ಡಿಸೆಂಬರ್ 2024

ಅಮ್ಮಾ,

ಅಬ್ಬಾ ಬರೆದದ್ದು ಮುಟ್ಟಿತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ನಿನ್ನ ಮಕ್ಕಳಿಗೆ ನೀನು ಕುತ್ತು ತಂದಿಲ್ಲ. ರೇಡಾನ್ ಒಂದು ದಿನಕ್ಕೆ, ಒಂದು ವರ್ಷಕ್ಕೆ ಕೊಲ್ಲುವ ವಿಷವಲ್ಲ. ಹಲವಾರು ವರ್ಷ, ದಿನಕ್ಕೆ ಹಲವಾರು ತಾಸು ಉಸಿರಾಡಿದರೆ ಅಪಾಯ ಸ್ವಲ್ಪ ಸ್ವಲ್ಪವೇ ಏರುತ್ತದೆ. ಬೀಡಿ ಸಿಗರೇಟು ಸೇದುವವರಿಗೆ ಇನ್ನೂ ಹೆಚ್ಚು. ಬಾಲವಾಡಿಯ ಮಕ್ಕಳು ಎರಡು ವರ್ಷ, ದಿನಕ್ಕೆ ಕೆಲವೇ ತಾಸು ಇದ್ದು ಸಾಲಿಗೆ ಹೋಗುತ್ತಾರೆ. ಅವರ ಅಪಾಯ ಚಿಕ್ಕದು. ಇನ್ನು ಮುಂದೆ ಅದೂ ಇರದಂತೆ ಮಾಡಬಹುದು.

ಆ ಕೋಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಉಸಿರಾಡಿದವಳು ನೀನು. ಹನ್ನೊಂದು ವರ್ಷ, ಬೆಳಿಗ್ಗೆ ಕಸ ಹೊಡೆಯುವುದರಿಂದ ಸಂಜೆ ಕೀಲಿ ಹಾಕುವವರೆಗೆ, ಆ ಹಿಂದಿನ ಮೂಲೆಯಲ್ಲಿ. ರೇಡಾನ್ ಎಂದರೇನೆಂದು ಮೇಡಂ ನಮಗೆ ಮೊದಲ ದಿನ ಪಾಠ ಮಾಡಿದಾಗ ಬೇರೆಯವರೆಲ್ಲ ಬರೆದುಕೊಳ್ಳುತ್ತಿದ್ದರು. ನನ್ನ ಕಣ್ಣೆದುರು ನಿನ್ನ ಮೂಲೆ ಬಂತು, ಅದರಲ್ಲಿ ಚಾಪೆ ಹಾಸಿಕೊಂಡು ಕೂತ ನೀನು ಬಂದೆ. ಅಂದಿನಿಂದ ನನಗೆ ಹೆದರಿಕೆ ಅಮ್ಮಾ. ಹಾಗಾಗಿ ಗೋವಾದ ಹೆಸರು ಕೇಳಿದ ಕೂಡಲೇ ಬಾಲವಾಡಿಯನ್ನು ಬರೆಸಿದೆ. ನಿನ್ನನ್ನು ಬಿಟ್ಟು ಓಡಿ ಬಂದವಳು ಇಲ್ಲಿ ಕೂತು ನಿನ್ನನ್ನೇ ಅಳೆಯುತ್ತಿದ್ದೇನೆ. ಇಪ್ಪತ್ತೆರಡಕ್ಕೆ ಸಹಿ ಹಾಕಿಸಿದ್ದರೆ ನೀನು ಮತ್ತೆ ಆ ಮೂಲೆಗೇ ಹೋಗಿ ಕೂರುತ್ತಿದ್ದೆ.

ಈಗ ದಾರಿಯ ಮಾತು. ಗಚ್ಚಿನಲ್ಲಿ ಒಂದು ಕಡೆ ಒಡೆದು, ಕೆಳಗೆ ಬಕೆಟ್ಟಿನಷ್ಟು ತಗ್ಗು ತೋಡಿ, ಖಡಿ ಜಲ್ಲಿ ತುಂಬಿ, ಅದರೊಳಗಿಂದ ಒಂದು ಪೈಪನ್ನು ಚಾವಣಿಯ ಮೇಲಕ್ಕೆ ಒಯ್ಯಬೇಕು. ಪೈಪಿಗೆ ಸದಾ ತಿರುಗುವ ಸಣ್ಣ ಫ್ಯಾನು. ಉಳಿದ ಬಿರುಕುಗಳನ್ನೂ ಗೋಡೆ ನೆಲ ಸೇರುವ ಸಂದನ್ನೂ ಬಿಗಿಯಾಗಿ ಮುಚ್ಚಬೇಕು. ಆಗ ಗುಡ್ಡದ ಗಾಳಿ ಕೋಣೆಯೊಳಗೆ ಬರದೆ ಪೈಪಿನಿಂದ ಆಕಾಶಕ್ಕೆ ಹೋಗುತ್ತದೆ. ನಮ್ಮ ಮನೆಯಲ್ಲೇ ಒಬ್ಬ ಒಳ್ಳೆಯ ಗೌಂಡಿ ಇದ್ದಾರೆ. ನಾನು ಲೆಕ್ಕ ಹಾಕಿ ಚಿತ್ರ ಬರೆದುಕೊಡುತ್ತೇನೆ.

ನಿನ್ನ
ಅಫ್ರೀನ


ಝುವಾರಿನಗರ
2 ಜನವರಿ 2025

ಮಗಳೇ,

ನಿನ್ನ ಕಾಗದ ಓದಿ ಅತ್ತೆ. ಮನಸ್ಸು ತುಂಬಿ ಅತ್ತೆ. ಅದು ಆಯಿತು, ಇದು ಕೆಲಸದ ಮಾತು.

ಸೋಮನಾಥರನ್ನು ನಾನೇ ಕರೆಸಿದೆ. ಫೇಲಾದದ್ದನ್ನು ಮುಚ್ಚಿಡಲಿಲ್ಲ. ಆರುನೂರ ನಲವತ್ತು ಎಂದೆ. ಅವರ ಮುಖ ಅರಳಿತು. "ಮಗ್ ಕೀಲಿ?" ಎಂದು, ಹಾಗಾದರೆ ಕೊಡಿ ಎಂಬಂತೆ ಕೈ ಚಾಚಿದರು. ನಾನು ಹೇಳಿದೆ: "ಕೀಲಿ ಕೊಡ್ತೇನ್ರಿ, ಆದ್ರ ಈಗಲ್ಲ. ನಮ್ಮ ಖರ್ಚಿನಾಗ ನಾವು ಕೋಣಿ ರಿಪೇರಿ ಮಾಡ್ತೇವಿ. ಮತ್ತ ಡಬ್ಬಿ ಹಾಕ್ತೇವಿ. ಅಂಕಿ ಇಳೀಲಿಲ್ಲಂದ್ರ ನಾನ ನಿಮ್ಮ ಮನಿ ತನಕ ಬಂದು ಕೀಲಿ ಕೊಟ್ಟು ಬರ್ತೇನಿ." ಅವರು, ಬೇಸಿಗೆಯಲ್ಲೇ ಪರೀಕ್ಷೆ ಮುಗಿಸಿಬಿಡಿ, ಬೇಗ ಆಗಲಿ ಎಂದರು. ಬೇಡ ಎಂದೆ. ಮಳೆಗಾಲದಲ್ಲಿ ಫೇಲಾದದ್ದು ಮಳೆಗಾಲದಲ್ಲೇ ಪಾಸಾಗಬೇಕು. ಬಾಗಿಲು ತೆರೆದಿಟ್ಟು ಪಾಸಾಗುವ ಆಟ ನಾನು ಒಮ್ಮೆ ಆಡಿ ಮುಗಿಸಿದ್ದೇನೆ.

ಹುಲಿಗೆವ್ವ ಹಣೆ ಹಣೆ ಬಡಿದುಕೊಂಡಳು. "ಬ್ಯಾಸಿಗ್ಯಾಗ ಹಗುರ ಆಗ್ತಿತ್ತಲ್ರಿ ಅಕ್ಕಾರ, ಯಾಕ ಬೇಡ ಅಂದ್ರಿ?" ಹಗುರಾಗುತ್ತಿತ್ತು, ಗೊತ್ತು. ಆದರೆ ಮಕ್ಕಳು ಬಾಗಿಲು ಮುಚ್ಚಿಕೊಂಡು ಕೂರುವುದು ಮಳೆಯಲ್ಲಿ.

ನಿನ್ನ ಅಬ್ಬಾ ಆಗಲೇ ಕರಣಿ ತೊಳೆದು ಇಟ್ಟುಕೊಂಡಿದ್ದಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ನೆಲ ಖರೇ ಖರೇ ಡೊಂಕಾಗಿದೆ, ತಿದ್ದಿಕೊಂಡು ಕುಣಿಯುತ್ತೇವೆ. ಚಿತ್ರ ಪೋಸ್ಟಿಗೆ ಹಾಕಬೇಡ. ಅದನ್ನು ಹಿಡಿದುಕೊಂಡು ನೀನೇ ಬಾ.

ನಿನ್ನ ಅಮ್ಮ
ಲಾಲಬಿ


ಝುವಾರಿನಗರ
14 ಜೂನ್ 2025

ಮಗಳು ಅಫ್ರೀನಳಿಗೆ ಅಮ್ಮನ ದುವಾ.

ನೀನು ಹೋದ ಮೇಲೆ ಮನೆ ಎರಡು ದಿನ ಬಿಕೋ ಎಂದಿತು. ನೀನು ಬಂದ ದಿನ ಊಟದ ತಟ್ಟೆಯ ಪಕ್ಕದಲ್ಲೇ ಚಿತ್ರ ಹರಡಿದ್ದೆ, ನೆನಪಿದೆಯೇ? ಮರುದಿನ ಗಚ್ಚು ಒಡೆಯಲು ನಿಂತಾಗ ಪೈಪು ಯಾವ ಮೂಲೆಯಲ್ಲಿ ಎಂದು ಅಪ್ಪ ಮಗಳು ವಾದಕ್ಕೆ ಬಿದ್ದಿರಿ, ನಡುವೆ ನಾನು ಬಿದ್ದೆ. ಅಷ್ಟು ಚೆಂದದ ಜಗಳ ಫೋನಿನಲ್ಲಿ ಎಂದೂ ಆಗಿರಲಿಲ್ಲ. ಪೈಪು ನೀನು ಹೇಳಿದ ಮೂಲೆಗೇ ಬಂತು, ಮಳೆ ನೀರು ಇಳಿಯದಂತೆ ಅದರ ತಲೆಗೆ ಟೊಪ್ಪಿಗೆ ನಿನ್ನ ಅಬ್ಬಾ ಹೇಳಿದಂತೆ ಬಂತು. ಈಗ ಬಂದವರಿಗೆಲ್ಲ ಅವರು ಮೊದಲು ಪೈಪು ತೋರಿಸುತ್ತಾರೆ, ಆಮೇಲೆ ಚಹಾ ಬೇಕೇ ಎಂದು ಕೇಳುತ್ತಾರೆ.

ಡಬ್ಬಿ ಹಿಂದಿನ ಮೂಲೆಯಲ್ಲಿ, ನಾನು ಕೂರುವಲ್ಲೇ ತೂಗುತ್ತಿದೆ. ಯಾರೂ ಮುಟ್ಟಿಲ್ಲ. ಹುಲಿಗೆವ್ವ ಹೂವು ಹಿಡಿದುಕೊಂಡು ಬಂದಿದ್ದಳು, ಅವಳ ತುರುಬಿಗೇ ಮುಡಿಸಿ ಕಳಿಸಿದೆ.

ಒಂದೇ ಚಿಂತೆ. ಮಳೆ ಬಂದರೆ ಇಲ್ಲಿ ಕರೆಂಟ್ ಹೋಗುತ್ತದೆ. ಕರೆಂಟ್ ಹೋದರೆ ಫ್ಯಾನು ನಿಲ್ಲುತ್ತದೆ. ಮೊನ್ನೆ ಗಾಳಿಗೆ ಕಂಬ ಬಿದ್ದು ಎರಡು ದಿನ ಕತ್ತಲು. ಹುಲಿಗೆವ್ವ ಮೆಲ್ಲಗೆ ಬಂದು, "ಅಕ್ಕಾರ, ಕರೆಂಟ್ ಬರೂತನಾ ಡಬ್ಬಿ ಕಿಟಕಿ ಹಂತ್ಯಾಕ ಇಡೂನ್ರಿ. ಯಾರ್ ನೋಡ್ತಾರ?" ಎಂದಳು. "ಡಬ್ಬಿ ನೋಡತೈತಿ" ಎಂದೆ. ಹೇಳುವುದು ಹೇಳಿದೆ, ಆದರೆ ಕೀಲಿ ಕೈಯಲ್ಲಿ ಹಿಡಿದು ಬಹಳ ಹೊತ್ತು ಆ ಫ್ಯಾನನ್ನೇ ನೋಡುತ್ತ ನಿಂತಿದ್ದೆ. ಈ ಕತ್ತಲ ದಿನಗಳನ್ನೂ ಡಬ್ಬಿ ಲೆಕ್ಕಕ್ಕೆ ಹಿಡಿಯುತ್ತದೆಯೇ?

ನಿನ್ನ ಅಮ್ಮ
ಲಾಲಬಿ


ಮಂಗಳೂರು
27 ಜೂನ್ 2025

ಅಮ್ಮಾ,

ಹಿಡಿಯುತ್ತದೆ. ಕರೆಂಟ್ ಇದ್ದ ದಿನ, ಇಲ್ಲದ ದಿನ, ಎರಡನ್ನೂ. ಫ್ಯಾನು ನಿಂತಾಗಲೂ ಪೈಪು ಸ್ವಲ್ಪ ಗಾಳಿ ಎಳೆಯುತ್ತದೆ, ಬಿರುಕು ಮುಚ್ಚಿದ್ದೂ ಕೆಲಸಕ್ಕೆ ಬರುತ್ತದೆ. ಎಷ್ಟು ಎಂದು ನನಗೂ ಗೊತ್ತಿಲ್ಲ. ನಿನ್ನ ಕೋಣೆಯ ಖರೇ ಜೀವನ ಅದೇ ಆದರೆ, ಅಳೆಯಬೇಕಾದದ್ದೂ ಅದನ್ನೇ.

ಡಬ್ಬಿಯನ್ನು ಮೂಲೆಯಲ್ಲೇ ಬಿಟ್ಟದ್ದಕ್ಕೆ ನಿನ್ನ ಕೈಗೆ ಮುತ್ತು ಕೊಡಬೇಕು ಅನ್ನಿಸುತ್ತಿದೆ.

ಅಫ್ರೀನ


ಮಂಗಳೂರು
6 ಅಕ್ಟೋಬರ್ 2025

ಅಮ್ಮಾ! ಅಬ್ಬಾ! ಹುಲಿಗೆವ್ವ ಮೌಶಿ!

ಐವತ್ತೆಂಟು!

ಬಾಗಿಲು ಮುಚ್ಚಿ, ಮಳೆಯಲ್ಲಿ, ಕರೆಂಟ್ ಹೋದ ದಿನಗಳನ್ನೂ ಸೇರಿಸಿ ಐವತ್ತೆಂಟು. ಮೇಡಂ ಎಣಿಸಿದರು, ನಾನು ಎಣಿಸಿದೆ, ನಂಬಿಕೆಯಾಗದೆ ಮತ್ತೊಬ್ಬರ ಕೈಲಿ ಎಣಿಸಿದೆವು. ಸೋಸುಕಾಗದ ಸ್ವಚ್ಛ ಬಿಳಿ, ಒಂದು ಕಣ ಕೆಂಪು ಧೂಳಿಲ್ಲ. ಮೂಗಿಗೆ ಹಿಡಿದು ನೋಡಿದೆ, ಲೋಬಾನವೂ ಇಲ್ಲ.

ಈ ಸಲ ಮೇಡಂ ಸಹಿ ಹಾಕುವಾಗ ನಾನು ತಡೆಯಲಿಲ್ಲ. ವರದಿ ಇದರೊಂದಿಗಿದೆ. ಫೋನಿನಲ್ಲಿ ಹೇಳಿಬಿಡೋಣ ಎಂದು ಹತ್ತು ಸಲ ಕೈಗೆತ್ತಿಕೊಂಡೆ. ಆದರೆ ಇದನ್ನು ನೀನು ನಿನ್ನ ಕಣ್ಣಿನಿಂದಲೇ ಓದಬೇಕು, ಕೊನೆಯ ಸಾಲಿನವರೆಗೆ.

ನಿನ್ನ
ಅಫ್ರೀನ


ಝುವಾರಿನಗರ
15 ಅಕ್ಟೋಬರ್ 2025

ಮಗಳು ಅಫ್ರೀನಳಿಗೆ, ಓಣಿ ಓಣಿಯೇ ನಿಂತು ಹೇಳಿದ ದುವಾ.

ಪೋಸ್ಟಿನವನು ಬಂದಾಗ ಮಕ್ಕಳು ಕೋಣೆಯೊಳಗೆ ಹಾಡು ಹೇಳುತ್ತಿದ್ದರು. ನಿನ್ನ ಕಾಗದ ಬಂತೆಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ನಿನ್ನ ಅಬ್ಬಾ ಕೆಲಸ ಬಿಟ್ಟು ಓಡಿ ಬಂದರು, ಕೈತುಂಬ ಸಿಮೆಂಟು. ಹುಲಿಗೆವ್ವ ಒಲೆಯ ಮೇಲೆ ಉಪ್ಪಿಟ್ಟು ಬಿಟ್ಟು ಬಂದಳು, ಅದು ತಳ ಹಿಡಿಯಿತು, ಯಾರೂ ಬೈಯಲಿಲ್ಲ. ಮೊದಲ ಸಾಲು ಓದಿದ ಕೂಡಲೇ ನಾನು ಆ ಗಚ್ಚಿನ ಮೇಲೆಯೇ ಕೂತುಬಿಟ್ಟೆ. ನಿನ್ನ ಅಬ್ಬಾ ಗೋಡೆಗೆ ಕೈ ಹಚ್ಚಿ ನಿಂತರು. "ನಮ್ಮ ಗ್ವಾಡಿ ಪಾಸಾತು" ಎಂದರು. ಅವರ ಕಣ್ಣಲ್ಲಿ ನೀರು ನೋಡಿ ಎಷ್ಟು ವರ್ಷವಾಗಿತ್ತೋ. ಸಕ್ಕರೆ ಹಂಚಲು ಹೊರಟ ಹುಲಿಗೆವ್ವನನ್ನು ತಡೆದೆ. ಪೂರ್ತಿ ಓದುವವರೆಗೆ ತಾಳು ಎಂದೆ. ಪೂರ್ತಿ ಓದಿ ಮುಗಿಸಿ, ಎಷ್ಟು ಬೇಕೋ ಅಷ್ಟು ಹಂಚು ಎಂದೆ.

ನಿನಗೆ ಹೇಳದೆ ಒಂದು ಕೆಲಸ ಮಾಡಿದ್ದೆ. ಸರಕಾರಿ ದವಾಖಾನೆಗೆ ಹೋಗಿ ಎದೆಯ ಫೋಟೋ ತೆಗೆಸಿದೆ. ಡಾಕ್ಟರು ನೋಡಿ, ಸ್ವಚ್ಛ ಇದೆ, ಕೆಮ್ಮು ದಮ್ಮು ಏನಾದರೂ ಬಂದರೆ ಕೂಡಲೇ ಬನ್ನಿ ಎಂದರು. ನೀನು ದೂರ ಕೂತು ನನ್ನನ್ನು ಅಳೆಯುತ್ತೀಯಲ್ಲ, ಈ ಅಂಕವನ್ನೂ ಬರೆದುಕೋ, ಬರೆದುಕೊಂಡು ನಿಶ್ಚಿಂತೆಯಿಂದ ನಿದ್ದೆ ಮಾಡು. ಇನ್ನೊಂದು ಮಾತು. ಬಾಲವಾಡಿ ಬಿಟ್ಟು ಹೋದವಳು ಎಂದು ಇನ್ನು ಮೇಲೆ ನಾನು ಅನ್ನುವುದಿಲ್ಲ. ನೀನು ಹೋಗದಿದ್ದರೆ ಈ ಬಾಲವಾಡಿಯೇ ಉಳಿಯುತ್ತಿರಲಿಲ್ಲ.

ಮರುದಿನ ಬೇರೆ ಬಾಲವಾಡಿಯ ಬಾಯಂದಿರು ಮೂವರು ಬಂದರು, ಸಾವರ್ಡೆಯಿಂದಲೂ ಒಬ್ಬಳು, ಫೂಲಿಬಾಯಿ ಎಂದು. ತಮ್ಮ ಕೋಣೆಗಳಿಗೂ ಡಬ್ಬಿ ಬೇಕಂತೆ. ನಿಮ್ಮ ಮೇಡಂ ಒಪ್ಪಿದರೆ ಒಂದು ಗಂಟು ಡಬ್ಬಿ ಕಳಿಸು. ಎಲ್ಲಿ ಹಾಕಬೇಕು, ಏನು ಮಾಡಬಾರದು ಎಂದು ಮನೆ ಮನೆಗೆ ಹೋಗಿ ನಾನೇ ಹೇಳಿ ಬರುತ್ತೇನೆ.

ಸಂಜೆ ಸೋಮನಾಥರು ಬಂದರು. ವರದಿ ಕೈಗೆ ಕೊಟ್ಟೆ. ನಿಂತಲ್ಲೇ ಓದಿದರು, ಪೈಪಿನ ಕೆಳಗೆ ನಿಂತು ಫ್ಯಾನಿನ ಸದ್ದು ಕೇಳಿದರು. ಕೀಲಿ ಎಂಬ ಮಾತು ಬರಲಿಲ್ಲ. ಹೋಗುತ್ತಾರೆ ಎಂದುಕೊಂಡರೆ ಹೋಗಲಿಲ್ಲ, ಚಹಾ ಕೊಡುತ್ತೀರಾ ಎಂದು ಕೇಳಿ ಕೂತರು. ಆಮೇಲೆ ಬಾಯಿ ಬಿಟ್ಟರು. ಮ್ಹಾಪಸಾದಲ್ಲಿ ಗುಡ್ಡ ಕಡಿದು ಹೊಸ ಮನೆ ಕಟ್ಟಿಸಿದ್ದಾರಂತೆ, ಕೆಳಗಿನ ಕೋಣೆಯಲ್ಲಿ ಮೊಮ್ಮಗಳು ಮಲಗುತ್ತಾಳಂತೆ. "ಭಾಭಿ, ನಮ್ಮ ಮನೀಗೂ ಒಂದು ಡಬ್ಬಿ ಸಿಗ್ತದ ಕಾಯ್?" ಎಂದರು. ಗೋದಾಮಿನ ಯಜಮಾನ ಹೋಗಿ ಅಜ್ಜ ಬಂದು ಕೂತಿದ್ದರು. ಸಿಟ್ಟು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು, ಆದರೆ ಮಗುವಿನ ಮಾತು ಬಂದ ಮೇಲೆ ಸಿಟ್ಟು ಎಲ್ಲಿ ಉಳಿಯುತ್ತದೆ?

ಕೊಡಿಸುತ್ತೇನೆ ಎಂದೆ. ಅವರು ಕೈ ಮುಗಿದರು. ಬಾಗಿಲವರೆಗೆ ಹೋಗಿ ಹಿಂದಿರುಗಿ, ಬಂದ ಡಬ್ಬಿಯನ್ನು ಹೇಗೆ ಇಟ್ಟುಕೊಳ್ಳಬೇಕು ಎಂದು ಕೇಳಿದರು.

"ಸಾವಕಾರ್ರ," ಎಂದೆ, "ಅದು ಬೀಗರಲ್ಲ. ಕಿಟಕಿ ಹಂತ್ಯಾಕ ಕುಂಡ್ರಿಸಬ್ಯಾಡ್ರಿ. ನಿಮ್ಮ ಮೊಮ್ಮಗಳು ಎಲ್ಲಿ ಮಲಗತಾಳೋ, ಅಲ್ಲೇ ಅದರ ಜಾಗಾ."

ನಿನ್ನ ಅಮ್ಮ
ಲಾಲಬಿ